ಪೌಂಡಾಗಿ ಹೋದ ನಾಟಕ

ಜಯನಗರ 9ನೇ ಬ್ಲಾಕ್, ಬೆಂಗಳೂರು
ಸೆಪ್ಟೆಂಬರ್ 26, 2025

ಮೇಲ್ಮನೆ ಮಧುಮತಿಗೆ ಕೆಳಮನೆ ಅಲಮೇಲು ಬರೆದದ್ದು.

ಒಂದು ವಾರ ಇದ್ದು ಬರುತ್ತೇನೆ ಎಂದು ಗುಳೇದಗುಡ್ಡಕ್ಕೆ ಹೊರಟವಳು ನೀನು. ಶ್ರಾವಣ ಕಳೆಯಿತು, ಗಣಪತಿ ಬಂದು ಹೋದ, ಈಗ ಬೊಂಬೆ ಕೂರಿಸಿದ್ದೂ ಆಯಿತು. ಬೀಗ ಹಾಕಿದ ನಿನ್ನ ಬಾಗಿಲ ಮುಂದೆ ನಾನೇ ಮೆಟ್ಟಿಲು ಹತ್ತಿ ಹೋಗಿ ಎರಡೆಳೆ ರಂಗೋಲಿ ಹಾಕಿ ಬರುತ್ತೇನೆ. ಬಾಡಿಗೆಯವಳ ಬಾಗಿಲಿಗೆ ಮನೆಯೊಡತಿ ರಂಗೋಲಿ ಹಾಕುವ ಕಾಲ ಬಂತು ನೋಡು.

ನಿನ್ನ ದೊಡ್ಡ ಫೋನು ಒಡೆದು ಗುಂಡಿ ಫೋನು ಹಿಡಿದಿದ್ದೀಯ ಎಂದು ಗೊತ್ತಾಯಿತು. ನನಗೇನೂ ಬೇಜಾರಿಲ್ಲ. ನೀನು ಇಲ್ಲಿದ್ದಾಗಲೂ ನಾವು ಮಾತಾಡಿದ್ದಕ್ಕಿಂತ ಚೀಟಿ ಬರೆದದ್ದೇ ಹೆಚ್ಚು. ಬಿಟಿಎಂ ಲೇಔಟಿನ ಆ ಟೈಪಿಂಗ್ ಅಂಗಡಿಯಿಂದ ನೀನು ಬರುವಷ್ಟರಲ್ಲಿ ನಾವು ಮಲಗಿರುತ್ತಿದ್ದೆವು. ಹಾಲಿನ ಕವರಿನ ಕೆಳಗೆ ನನ್ನ ಚೀಟಿ, ತುಳಸಿ ಕುಂಡದ ಕೆಳಗೆ ನಿನ್ನ ಚೀಟಿ. ಈಗ ಅದಕ್ಕೇ ಸ್ಟಾಂಪು ಹಚ್ಚಬೇಕು, ಅಷ್ಟೇ.

ನಿಮ್ಮಪ್ಪ ಹೊಳೆಪ್ಪನವರ ಕೈ ಹೇಗಿದೆ? ಲಕ್ವ ಹೊಡೆದು ಬಲಗೈ ಸ್ವಲ್ಪ ಸೋತಿದೆ, ಉಳಿದಂತೆ ಆರಾಮ ಎಂದು ಬರೆದಿದ್ದೆ. ಹೋದ ಚಳಿಗಾಲದಲ್ಲಿ ಅವರು ಬಂದು ನಿನ್ನ ಜೊತೆ ಇದ್ದಾಗಿನ ಆ ದನಿ ಇನ್ನೂ ನಮ್ಮ ಕಿವಿಯಲ್ಲಿದೆ. ಅವರು ನಾಟಕ ಹೇಳುವುದು, ನೀನು ಟಕಟಕ ಟೈಪ್ ಮಾಡುವುದು. ಆಗ ಕೆಳಗೆ ಕೂತು ಗೊಣಗುತ್ತಿದ್ದ ನಮ್ಮ ಯಜಮಾನರು ಈಗ ಕಾಫಿ ಕೇಳುವಾಗ “ಡಿಕಾಕ್ಷನ್ ಐತೇನು?” ಅನ್ನುತ್ತಾರೆ. ನಾನು “ಐತಿ” ಅಂದರೇನೇ ಲೋಟ ಮುಟ್ಟುವುದು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೇಳಿ ಹೋದಂತೆ ಪ್ರತಿ ಶುಕ್ರವಾರ ಬೀಗ ತೆಗೆದು ನಿನ್ನ ಕಂಪ್ಯೂಟರ್ ಆನ್ ಮಾಡುತ್ತಿದ್ದೇನೆ, ನಿಲ್ಲಿಸಿಟ್ಟ ಸ್ಕೂಟರನ್ನು ಆಗಾಗ ಸ್ಟಾರ್ಟ್ ಮಾಡಿದ ಹಾಗೆ. ಅದು ಕಣ್ಣು ಬಿಡುವಷ್ಟರಲ್ಲಿ ನನ್ನ ಪೂಜೆ ಅರ್ಧ ಮುಗಿದಿರುತ್ತದೆ. ಇತ್ತೀಚೆಗೆ ಆನ್ ಮಾಡಿದಾಗಲೆಲ್ಲ ಒಂದು ಓಲೆ ಬರುತ್ತಿದೆ. ಒಳಗಿರುವ ವಿಂಡೋಸ್‌ಗೆ ಅಕ್ಟೋಬರ್ ಹದಿನಾಲ್ಕಕ್ಕೆ ಕೊನೆಯಂತೆ, ಹೊಸದನ್ನು ಹಾಕೋಣವೆಂದರೆ ಈ ಮುದಿ ಪೆಟ್ಟಿಗೆಗೆ ಅದು ಒಗ್ಗುವುದಿಲ್ಲವಂತೆ. ಇವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, “ನಾನು ರಿಟೈರ್ ಆದಾಗ್ಲೂ ಬ್ಯಾಂಕಿನೋರು ಹಿಂಗೇ ಒಂದು ಕಾಗದ ಕೊಟ್ರು ಕಣೇ” ಅಂದರು.

ಹೋದ ಶುಕ್ರವಾರ ಅದು ಏಳಲೇ ಇಲ್ಲ. ಕಪ್ಪಗೆ ಕೂತಿತ್ತು. ಗುಂಡಿಯನ್ನು ಒತ್ತಿ ಒತ್ತಿ ನೋಡಿದೆ. ಮೂರನೇ ಸಲಕ್ಕೆ ಎದ್ದಿತು. ಪಕ್ಕದ ಮನೆ ಸುಮೇಧನಿಗೆ ಹೇಳಿದೆ. ಗೊತ್ತಲ್ಲ, ಮದುವೆ ಊಟದ ಪಂಕ್ತಿಯಲ್ಲೂ ಲಿನಕ್ಸ್ ಲಿನಕ್ಸ್ ಎಂದು ಉಪದೇಶ ಮಾಡುವವನು. ಹಳೇ ಕಂಪ್ಯೂಟರಿಗೆ ಅದೇ ಸರಿ, ಆಯುಧಪೂಜೆ ರಜೆಗೆ ಬಂದು ಹಾಕಿಕೊಡುತ್ತೇನೆ, ಒಳಗಿನದು ಏನೂ ಹೋಗುವುದಿಲ್ಲ ಅಂದಿದ್ದಾನೆ. ಬೇಡ ಅನ್ನುವುದಾದರೆ ಅಷ್ಟರೊಳಗೆ ಬರಿ.

ಅಲಮೇಲು


ಜಯನಗರ
ಅಕ್ಟೋಬರ್ 2, ವಿಜಯದಶಮಿ

ಮೇಲ್ಮನೆಯವಳೇ,

ನಿನ್ನಿಂದ ಕಾಗದ ಬರಲಿಲ್ಲ. ಮೌನವೇ ಒಪ್ಪಿಗೆ ಅಂದರು ಇವರು. ಸುಮೇಧ ನಿನ್ನೆ ಬಂದು ಕೆಲಸ ಮುಗಿಸಿಯೇಬಿಟ್ಟ.

ನಿನ್ನ ಫೈಲುಗಳನ್ನೆಲ್ಲ ಮೊದಲು ಪೆನ್ ಡ್ರೈವಿಗೆ ತುಂಬಿಕೊಂಡ. ಆಮೇಲೆ ವಿಂಡೋಸ್ ಪೂರ್ತಿ ಒರೆಸಿ, ಲಿನಕ್ಸ್ ಹಾಕಿ, ಫೈಲುಗಳನ್ನು ತಿರುಗಿ ಒಳಗಿಟ್ಟ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ, ಹೆರಿಗೆ ಕೋಣೆಯ ಹೊರಗೆ ಕೂತ ಹಾಗೆ. ಈಗ ಆನ್ ಮಾಡಿದರೆ ಊದುಬತ್ತಿ ಹಚ್ಚುವಷ್ಟರಲ್ಲಿ ಎದ್ದು ಕೂರುತ್ತದೆ ಮಾರಾಯ್ತಿ. ಅರಿಶಿನ ಕುಂಕುಮ ಹಚ್ಚಿ ಕುಂಬಳಕಾಯಿ ನಿವಾಳಿಸಿದೆ.

ನಿನ್ನ ಫೈಲುಗಳೆಲ್ಲ ಇವೆ. ನಾಟಕ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಿದ್ದೀಯಲ್ಲ, ಅದೂ ಭದ್ರವಾಗಿದೆ. ತೆರೆದು ನೋಡಲಿಲ್ಲ. ಇನ್ನೊಬ್ಬರ ಕಾಗದ ಒಡೆದ ಹಾಗೆ ಅನ್ನಿಸಿತು. ಸುಮೇಧ ಇವತ್ತು ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋದ. ಈ ತಿಂಗಳು ಬರುವುದಿಲ್ಲವಂತೆ.

ನೀನು ಬಂದು ನೋಡಿದಾಗ ನಿನ್ನ ಮುಖ ಹೇಗಾಗುತ್ತದೋ ಎಂದು ನಾನು ಈಗಲೇ ಕಾಯುತ್ತಿದ್ದೇನೆ.

ಅಲಮೇಲು


ಗುಳೇದಗುಡ್ಡ
ಅಕ್ಟೋಬರ್ 3, 2025

ಮಾನ್ಯ ಅಲಮೇಲು ಅಮ್ಮನವರಿಗೆ, ತಮ್ಮ ಬಾಡಿಗೆದಾರಳಾದ ಮಧುಮತಿಯ ವಿನಂತಿ.

ತಮ್ಮ ಸೆಪ್ಟೆಂಬರ್ 26ರ ಪತ್ರ ಈಗಷ್ಟೇ ತಲುಪಿತು. ಹಬ್ಬದ ರಜೆಯಿಂದ ಅಂಚೆ ತಡವಾಗಿದೆ. ಆಯುಧಪೂಜೆ ಕಳೆದಿದ್ದರೂ ಸುಮೇಧಣ್ಣ ಇನ್ನೂ ಬಂದಿರಲಿಕ್ಕಿಲ್ಲ ಎಂಬ ಆಸೆಯಿಂದ ಈ ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಕಂಪ್ಯೂಟರನ್ನು ದಯವಿಟ್ಟು ಯಾರೂ ಮುಟ್ಟಬಾರದು. ತಡವಾಗಿ ಎದ್ದರೂ ಚಿಂತೆಯಿಲ್ಲ, ಏಳದಿದ್ದರೂ ಚಿಂತೆಯಿಲ್ಲ. ಹಾಗೆಯೇ ಇರಲಿ.

ಕಾರಣ ತಿಳಿಸುವುದು ನನ್ನ ಕರ್ತವ್ಯ. ಅಪ್ಪ ಕಂಪನಿ ನಾಟಕದಲ್ಲಿ ಪಾತ್ರ ಮಾಡುತ್ತಿದ್ದರೆಂದು ತಮಗೆ ಗೊತ್ತಿದೆ. ಆದರೆ ಅವರೇ ಕಟ್ಟಿದ ನಾಟಕ ಒಂದೇ, ‘ಅತ್ತಿಮನಿ ಗಡಿಯಾರ’. ಕಂಪನಿ ಮುಚ್ಚಿದಾಗ ಅದರ ಕೈಬರಹದ ಪ್ರತಿ ಪೆಟ್ಟಿಗೆ ಸಮೇತ ಗೆದ್ದಲು ಹತ್ತಿ ಹೋಯಿತು. ಆಮೇಲೆ ಅದು ಅವರ ತಲೆಯಲ್ಲಿ ಮಾತ್ರ ಇತ್ತು. ಹೋದ ಚಳಿಗಾಲದಲ್ಲಿ ಅವರು ಹೇಳಿದರು, ನಾನು ಟೈಪ್ ಮಾಡಿದೆ. ಬೇರೆ ಪ್ರತಿ ಇಲ್ಲ. ಗಿರಾಕಿಗಳಿಗೆಲ್ಲ ಎರಡು ಪ್ರತಿ ಇಟ್ಟುಕೊಳ್ಳಿ ಎಂದು ಹೇಳುವವಳು ನಾನೇ ಇಟ್ಟುಕೊಳ್ಳಲಿಲ್ಲ. ಅಪ್ಪ ಬಿದ್ದ ಸುದ್ದಿ ಬಂದ ದಿನ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ.

ಅಪ್ಪನ ಶಿಷ್ಯ ಚನ್ನವೀರ ಈ ನಾಟಕವನ್ನು ಸಂಕ್ರಾಂತಿಗೆ ಊರಲ್ಲಿ ಆಡಿಸಲು ಮುಂದೆ ಬಂದಿದ್ದಾನೆ. ಪ್ರತಿ ಕೇಳಲು ಬರುತ್ತಾನೆ. ಕಂಪ್ಯೂಟರನ್ನು ಊರಿಗೆ ತರಿಸಿಕೊಳ್ಳುವ ವ್ಯವಸ್ಥೆ ಮಾಡುತ್ತೇನೆ.

ಅಪ್ಪ ಆರಾಮ ಇದ್ದಾರೆ. ಹೆಚ್ಚು ಮಾತಾಡಿಸಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಫೋನಿನ ಗಂಟೆಗೆ ಬೆಚ್ಚುತ್ತಾರೆ. ಆದ್ದರಿಂದ ಫೋನ್ ಮಾಡಬೇಡಿರಿ.

ತಮ್ಮ ವಿಶ್ವಾಸಿ,
ಮಧುಮತಿ


ಜಯನಗರ
ಅಕ್ಟೋಬರ್ 8
ಬರೆದು ಅಂಚೆಗೆ ಹಾಕದೆ ಉಳಿದದ್ದು

ಮಧುಮತಿ,

ನಿನ್ನ ಕಾಗದ ಇವತ್ತು ಬಂತು. ಮುಟ್ಟಬಾರದು ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದೀಯ. ನಾನು ಮುಟ್ಟಿಸಿ, ಒರೆಸಿಸಿ, ಕುಂಕುಮವನ್ನೂ ಇಟ್ಟಾಗಿತ್ತು.

ಆದರೂ ಧೈರ್ಯವಾಗಿಯೇ ಇದ್ದೆ. ಫೈಲು ಇದೆಯಲ್ಲ, ಒಮ್ಮೆ ತೆರೆದು ನೋಡಿ ಸರಿಯಾಗಿದೆ ಎಂದು ಬರೆದರೆ ನಿನಗೆ ಸಮಾಧಾನ ಎಂದುಕೊಂಡೆ. ಮೇಲೆ ಹೋಗಿ ನಾಟಕವನ್ನು ಒತ್ತಿದೆ. ತೆರೆಯಿತು. ಕನ್ನಡದ ಒಂದಕ್ಷರ ಇಲ್ಲ. ಮೊದಲ ಪುಟ, ನಡುವಿನ ಪುಟ, ಕೊನೆಯ ಪುಟ, ಎಲ್ಲಾ ಕಡೆ ತಲೆಯ ಮೇಲೆ ಗೀರು ಎಳೆದುಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಏನೇನೋ ಚಿಹ್ನೆ. ಮೆಟ್ಟಿಲ ಮೇಲೆ ನಿಂತು ಇವರನ್ನು ಕೂಗಿದೆ.

ನಿನಗೆ ಗೊತ್ತಲ್ಲ, ಇವರು ಬ್ಯಾಂಕಿನಲ್ಲಿ ವಿದೇಶಿ ಹಣದ ಕೌಂಟರಿನಲ್ಲಿ ಇದ್ದವರು. ಬಂದು ನೋಡಿದವರ ಮುಖ ಸಪ್ಪಗಾಯಿತು. “ಇದು ಪೌಂಡಿನ ಗುರುತು. ಇದು ಜಪಾನಿನ ಯೆನ್. ಸಾಲುಸಾಲು ಬರೆದಿದಾರೆ ನೋಡು. ಪೇಪರಲ್ಲಿ ಬರುತ್ತಲ್ಲ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋರು, ಅವರ ಕೆಲಸ ಇದು” ಅಂದರು. ನಾನು ನಂಬಲಿಲ್ಲ. ಸುಮೇಧನಿಗೆ ಪುಣೆಗೆ ಫೋಟೋ ಕಳಿಸಿದೆ. ಅವನಿಗೆ ಕನ್ನಡ ಓದಲು ಬರುವುದು ಬಸ್ಸಿನ ಬೋರ್ಡಿನಷ್ಟು. “ಲಿನಕ್ಸಲ್ಲಿ ಕನ್ನಡ ಚೆನ್ನಾಗೇ ಬರುತ್ತೆ ಆಂಟಿ, ನಾನೇ ಟೆಸ್ಟ್ ಮಾಡಿದೀನಿ. ಇದು ಕನ್ನಡವೇ ಅಲ್ಲ. ಫೈಲೇ ಹಾಳಾಗಿರಬೇಕು. ಪೆನ್ ಡ್ರೈವಲ್ಲೂ ಹೀಗೇ ಇದೆ” ಅಂದ.

ಇವರು ಕಂಪ್ಯೂಟರಿನ ಪ್ಲಗ್ ಕಿತ್ತರು. ಆಮೇಲೆ ಕೆಳಗೆ ಬಂದು ವೈಫೈ ಡಬ್ಬಿಯದೂ ಕಿತ್ತರು, ಟೀವಿಯದೂ ಕಿತ್ತರು. ತಂತಿ ಹಿಡಿದು ಪಿಂಚಣಿ ಖಾತೆಗೆ ಇಳಿದುಬಿಟ್ಟರೆ ಎಂದು ಹೆದರಿಕೆ. ಟೀವಿಯೂ ಇಲ್ಲದೆ ಇಬ್ಬರೂ ಸೋಫಾದ ಮೇಲೆ ಕೂತಿದ್ದೇವೆ. ನನಗೆ ಪಿಂಚಣಿಯ ಚಿಂತೆ ಇಲ್ಲ. ನಿಮ್ಮಪ್ಪ ತಲೆಯೊಳಗೆ ಅಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ರಜೆಯ ದಿನ ನಾನು ಒರೆಸಿಸಿಬಿಟ್ಟೆ.

ಇದನ್ನು ನಿನಗೆ ಹೇಗೆ ಕಳಿಸಲಿ? ಅಪ್ಪನ ಹಾಸಿಗೆ ಪಕ್ಕ ಕೂತು ಓದುತ್ತೀಯ. ನಿನ್ನ ಮುಖ ನೋಡಿದರೆ ಅವರಿಗೆ ತಿಳಿಯುತ್ತದೆ. ಇಲ್ಲ, ಇದನ್ನು ಹಾಕುವುದಿಲ್ಲ.


ಜಯನಗರ
ಅಕ್ಟೋಬರ್ 9

ಪ್ರೀತಿಯ ಮಧುಮತಿಗೆ,

ನಿನ್ನ ಕಾಗದ ಮುಟ್ಟಿತು. ನನ್ನ ವಿಜಯದಶಮಿಯ ಕಾಗದ ಈ ವೇಳೆಗೆ ನಿನಗೂ ಮುಟ್ಟಿರಬೇಕು. ಇಲ್ಲಿ ಎಲ್ಲರೂ ಕ್ಷೇಮ. ಬೊಂಬೆ ಎತ್ತಿಟ್ಟೆ. ಸಂಜೆಯಾದರೆ ಸಣ್ಣಗೆ ಚಳಿ.

ಒಂದೆರಡು ವಿಷಯ ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ. ನಾಟಕವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಎಲ್ಲಾದರೂ ಮರೆತು ಉಳಿಸಿದ್ದೀಯೇನು? ಒಂದು ಅಂಕವಾದರೂ ಪ್ರಿಂಟ್ ತೆಗೆದಿದ್ದೆಯಾ? ಹಾಗೇ ಇನ್ನೊಂದು ಯೋಚನೆ ಬಂತು. ನಿಮ್ಮಪ್ಪ ಹೇಗೂ ಬಿಡುವಾಗಿ ಮಲಗಿದ್ದಾರೆ. ದಿನಕ್ಕೆ ನಾಲ್ಕು ಮಾತಿನಂತೆ ಇನ್ನೊಮ್ಮೆ ಹೇಳಿಸಿಕೊಂಡು ಕೈಯಲ್ಲೇ ಬರೆದಿಟ್ಟುಕೊಂಡರೆ ಅವರಿಗೂ ಹೊತ್ತು ಹೋಗುತ್ತದೆ, ನಿನಗೂ ಇನ್ನೊಂದು ಪ್ರತಿ ಆಗುತ್ತದೆ. ಮಾತಾಡಲು ಅವರಿಗೆ ತೊಂದರೆಯೇನೂ ಇಲ್ಲವಷ್ಟೆ?

ಕಂಪ್ಯೂಟರ್ ಈಗಲೇ ತರಿಸಿಕೊಳ್ಳುವ ಅವಸರ ಬೇಡ. ದಾರಿಯಲ್ಲಿ ಕುಲುಕಾಡುತ್ತದೆ.

ಅಲಮೇಲು


ಗುಳೇದಗುಡ್ಡ
ಅಕ್ಟೋಬರ್ 14

ಅಮ್ಮನವರಿಗೆ,

ತಮ್ಮ ಎರಡು ಪತ್ರಗಳು ಒಟ್ಟಿಗೆ ಬಂದವು. ಮೊದಲನೆಯದರಲ್ಲಿ ಎಲ್ಲ ಭದ್ರವಾಗಿದೆ ಎಂದಿದೆ. ಎರಡನೆಯದರಲ್ಲಿ ಭದ್ರ ಎಂಬ ಮಾತೇ ಇಲ್ಲ. ಟೈಪ್ ಮಾಡುವವಳಿಗೆ ಬಿಟ್ಟುಹೋದ ಪದ ಮೊದಲು ಕಾಣುತ್ತದೆ.

ಅಪ್ಪನ ಸುದ್ದಿ ತಮಗೆ ಯಾರೋ ಮುಟ್ಟಿಸಿದ್ದಾರೆಂದು ತಿಳಿಯಿತು. ಅದಕ್ಕೇ ಮಾತಾಡಲು ತೊಂದರೆ ಇಲ್ಲವಷ್ಟೆ ಎಂದು ಸುತ್ತಿ ಬಳಸಿ ಕೇಳಿದ್ದೀರಿ. ಇನ್ನು ಅರ್ಜಿ ಭಾಷೆಯಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ. ನಮ್ಮ ಮಾತಿನಾಗ ಬರೀತೀನ್ರಿ.

ಅಪ್ಪಾ ಮಾತಾಡಂಗಿಲ್ಲ. ಶ್ರಾವಣದಿಂದ ಒಂದು ಶಬ್ದ ಇಲ್ಲ. ಎಲ್ಲಾ ತಿಳಿತೈತಿ, ಬಾಯಿಗೆ ಬರಂಗಿಲ್ಲ. ಮೈಕ್ ಇಲ್ಲದ ತುಂಬಿದ ಟೆಂಟಿಗೆ ಕೇಳಿಸಿದ ಗಂಟಲ ಅದು. ಈಗ ನೀರು ಬೇಕಂದ್ರ ಮಂಚದ ಪಟ್ಟಿ ಬಡೀತಾರ. ನಿಮಗ ಯಾಕ ಹೇಳಲಿಲ್ಲಂದ್ರ, ಕಾಗದದ ಮ್ಯಾಲೆ ಬರದ್ರ ಖರೇ ಆಗತೈತಿ ಅನಿಸಿತ್ತು. ನೀವು ನಿಮ್ಮ ಯಜಮಾನ್ರು ಚಕ್ರಪಾಣಿ ಸರ್ ಜೋಡಿ ಕೂತು ನಮ್ಮಪ್ಪನ ದನಿ ಆಡಿ ನಗತಿರತೀರಿ. ಆ ಒಂದು ಮನ್ಯಾಗರೆ ಅವರು ಮಾತಾಡ್ಕೋತ ಇರಲಿ ಅಂತ ಬಿಟ್ಟಿದ್ದೆ.

ನೀವು ಇನ್ನೊಮ್ಮೆ ಹೇಳಿಸು ಅಂದ್ರಿ. ಹೇಳಾಕ ಅವರಿಗೆ ಬರಂಗಿಲ್ರಿ. ನನಗೂ ಪೂರ್ತಿ ನೆಪ್ಪಿಲ್ಲ. ಟೈಪ್ ಮಾಡೋರಿಗೆ ಬೆರಳಿನಾಗ ಇರತೈತಿ, ತಲಿಯಾಗ ನಿಲ್ಲಂಗಿಲ್ಲ.

ಮೊನ್ನೆ ಚನ್ನವೀರ ಬಂದಿದ್ದ. “ಗುರುಗಳ, ನಾಟಕ ಎಲ್ಲಿ ಐತಿ?” ಅಂತ ಕೇಳಿದ. ಅಪ್ಪಾ ಎಡಗೈ ಬೆರಳು ಕೌದಿ ಮ್ಯಾಲೆ ಟೈಪ್ ಮಾಡಿದಂಗ ಆಡಿಸಿದರು. ಆಮ್ಯಾಲೆ ನನ್ನ ಕಡೆ ಬಟ್ಟು ಮಾಡಿ ನಕ್ಕರು. ಬಿದ್ದ ದಿನದಿಂದ ನಕ್ಕಿದ್ದು ಅದೊಂದ ಸಲ. ಮಗಳ ಹತ್ರ ಭದ್ರ ಐತಿ ಅಂತ ಧೈರ್ಯದ ಮ್ಯಾಲೆ ಆ ಜೀವ ಮಲಗೇತಿ.

ನಾ ಇಲ್ಲಿಂದ ಕದಲಾಕ ಆಗಂಗಿಲ್ಲ. ಅವ್ವ ಶಿವವ್ವಗ ಒಬ್ಬಾಕಿಗೆ ಅವರನ್ನ ಎಬ್ಬಿಸಿ ಕೂರಸೋದು ಆಗಂಗಿಲ್ಲ. ಅದಕ್ಕ ಕೈ ಮುಗದು ಕೇಳತೀನಿ. ನಾಟಕ ಐತೋ ಇಲ್ಲೋ? ಕ್ಷೇಮ ಸಮಾಚಾರ, ಚಳಿ, ಬೊಂಬಿ ಏನೂ ಬ್ಯಾಡ. ‘ಐತಿ’ ಅಂತ ಒಂದು ಶಬ್ದ ಬರದು ಕಳಸ್ರಿ.

ಮಧುಮತಿ


ಜಯನಗರ
ಅಕ್ಟೋಬರ್ 22, ಬಲಿಪಾಡ್ಯಮಿ

ಮಧುಮತಿ,

ನೀನು ಕೇಳಿದ ಒಂದು ಪದವನ್ನು ಬರೆಯಲು ನನ್ನ ಕೈಲಿ ಆಗಲಿಲ್ಲ. ಅದಕ್ಕೇ ಇಷ್ಟು ತಡ. ನಿಮ್ಮಪ್ಪನ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ ಮಗಳೇ. ನಾನು ಸುತ್ತಿ ಬಳಸಿ ಕೇಳಿದ್ದು ನನ್ನ ತಪ್ಪನ್ನು ಮುಚ್ಚಿಕೊಳ್ಳಲು. ನಿನ್ನ ಕಾಗದ ಓದಿ ಇವರು ಎದ್ದು ಹಿತ್ತಲಿಗೆ ಹೋದರು. ಹಬ್ಬಕ್ಕೆ ಎಣ್ಣೆ ಹಚ್ಚಿಕೊಳ್ಳಲೂ ಇಲ್ಲ.

ನಡೆದದ್ದು ಇಷ್ಟು. ಲಿನಕ್ಸ್ ಹಾಕಿದ ಮೇಲೆ ನಾಟಕದ ಫೈಲು ತೆರೆಯುತ್ತದೆ, ಆದರೆ ಒಳಗೆ ಕನ್ನಡ ಇಲ್ಲ. ಯಾರೋ ವಿದೇಶದ ಕಳ್ಳರು ಹೊಕ್ಕು ಅಕ್ಷರಗಳನ್ನೆಲ್ಲ ಕಿತ್ತು, ಆ ಜಾಗದಲ್ಲಿ ಪೌಂಡು, ಯೆನ್ನು ಎಂದು ತಮ್ಮ ಲೆಕ್ಕ ಬರೆದಿದ್ದಾರೆ. ಇವರು ಪೊಲೀಸ್ ಸ್ಟೇಷನ್ನಿಗೂ ಹೋಗಿ ಬಂದರು. “ಯಾರಾದ್ರೂ ಫೋನ್ ಮಾಡಿ ದುಡ್ಡು ಕೇಳಿದ್ರಾ ಅಂಕಲ್?” ಅಂದರಂತೆ. “ಕೇಳಿಲ್ಲ, ಬರೆದಿದಾರೆ” ಅಂದರಂತೆ ಇವರು. ಕೇಳಿದ ಮೇಲೆ ಬನ್ನಿ ಎಂದು ಕಳಿಸಿಕೊಟ್ಟರು.

ನಾನು ಸುಳ್ಳು ಹೇಳುತ್ತಿಲ್ಲ ಎಂದು ನಿನಗೆ ಗೊತ್ತಾಗಲಿ. ಮೇಲೆ ಹೋಗಿ ಪ್ಲಗ್ ಹಾಕಿ, ಮೊದಲ ಪುಟದ ಮೊದಲ ಸಾಲನ್ನು ಹಾಗೇ ಇಳಿಸಿಕೊಂಡು ಬಂದಿದ್ದೇನೆ. ರಂಗೋಲಿ ಎಳೆ ಎಣಿಸಿದ ಹಾಗೆ ಗೀರು ಗೀರನ್ನೂ ನೋಡಿ ಬರೆದಿದ್ದೇನೆ.

C¥Áà, £Á §AzÉ

ಎಲ್ಲಾ ಪುಟವೂ ಹೀಗೇ ಇದೆ. ನೀನು ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ.

ಇನ್ನೊಂದು ಮಾತು. ಮೂರು ತಿಂಗಳು ಅವರ ದನಿ ನಮ್ಮ ತಲೆಯ ಮೇಲೆ ಸುರಿದಿದೆ. ಇವರು ಗೊಣಗಿದರೂ ಕಿವಿ ಮುಚ್ಚಿಕೊಂಡಿರಲಿಲ್ಲ. ಇಬ್ಬರೂ ಊಟದ ಮೇಜಿನ ಮುಂದೆ ಕೂತು ನೆನಪಿಗೆ ಬಂದದ್ದನ್ನು ಬರೆಯತೊಡಗಿದೆವು. ಒಬ್ಬರು ಮರೆತದ್ದು ಇನ್ನೊಬ್ಬರಿಗೆ ಬಂತು, ಕೆಲವು ಕಡೆ ಜಗಳವೂ ಆಯಿತು. ಮಗಳು ಗಂಡನ ಮನೆ ಬಿಟ್ಟು ಗಡಿಯಾರ ಹಿಡಿದು ಬರುವ ಮೊದಲ ದೃಶ್ಯದಲ್ಲಿ ಇಷ್ಟು ಸಿಕ್ಕಿದೆ. ಅವಳು ಬಾಗಿಲಲ್ಲಿ ಆಡುವ ಮೊದಲ ಮಾತು ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ. ಅದನ್ನು ಅವರು ಯಾವಾಗಲೂ ಮೆತ್ತಗೆ ಹೇಳುತ್ತಿದ್ದರು.

ಗೌಡ: ಏನಮ್ಮಾ ಇದು, ಗಡಿಯಾರಕ್ಕೆ ಮುಳ್ಳೇ ಇಲ್ಲವಲ್ಲ?
ಮಗಳು: ಅತ್ತೆ ಕಿತ್ತಿಟ್ಟುಕೊಂಡರು ಅಪ್ಪ, ನನಗೆ ಹೊತ್ತು ತಿಳಿಯಬಾರದು ಅಂತ.
ಗೌಡ: ಮತ್ತೆ ಹೇಗೆ ತಿಳಿಯುತ್ತಿತ್ತು?
ಮಗಳು: ಹೊಟ್ಟೆ ಹಸಿದರೆ ಹನ್ನೆರಡು. ಕಣ್ಣು ತುಂಬಿದರೆ ಆರು.
ಗೌಡ: ಒಳಗೆ ಬಾ. ಈ ಮನೆಯಲ್ಲಿ ನಿನಗೆ ಇನ್ನೂ ಹೊತ್ತು ಇದೆ.

ಇದು ನಾಟಕವಲ್ಲ, ನಾಟಕದ ಸದ್ದು ಅಷ್ಟೇ. ಇನ್ನೂ ಬರೆಯುತ್ತಿದ್ದೇವೆ.

ಅಲಮೇಲು


ಗುಳೇದಗುಡ್ಡ
ಅಕ್ಟೋಬರ್ 28

ಅಮ್ಮಾರ,

ಮೊದಲು ಸಿಟ್ಟಿನ ಮಾತು ಹೇಳಿಬಿಡತೀನಿ. ಒಳಗ ಕನ್ನಡ ಇಲ್ಲ ಅನ್ನೋತನಕ ಓದಿ ನಿಮ್ಮ ಕಾಗದ ಒಗದುಬಿಟ್ಟೆ. ಅದು ಅಪ್ಪನ ಮಂಚದ ಕೆಳಗ ಹೋಗಿ ಬಿತ್ತು. ನಿಮ್ಮನ್ನ ಮನಸಿನಾಗ ಬೇಕಾದ್ದೆಲ್ಲಾ ಅಂದೆ. ಆಮ್ಯಾಲೆ ಕಸಾ ಹೊಡಿಬೇಕಾದ್ರ ಬಾರಿಗಿಗೆ ಸಿಕ್ಕು ಈಚೆ ಬಂತು. ಬಗ್ಗಿ ತಗೊಂಡೆ. ಆ ಒಂದು ಸಾಲು ಕಣ್ಣಿಗೆ ಬಿತ್ತು.

ಅಲ್ಲೇ ಕೂತ್ನಿ.

ಅಮ್ಮಾರ, ಪೌಂಡು ಅಂದ್ರ ನ. ಯೆನ್ ಅಂದ್ರ ಪ. ತಲಿ ಮ್ಯಾಲೆ ಗೀರು ಇರೋ ಇಂಗ್ಲಿಷ್ ಅಕ್ಷರ ಅಂದ್ರ ನಮ್ಮ ತಲಕಟ್ಟು, ದೀರ್ಘ, ಏತ್ವ. ನಾ ಟೈಪ್ ಮಾಡಿದ್ದು ನಮ್ಮ ಅಂಗಡಿಯ ಹಳೇ ನುಡಿ ಫಾಂಟಿನಾಗ. ಆ ಫಾಂಟು ಇಲ್ಲದ ಕಂಪ್ಯೂಟರಿನಾಗ ತಗದ್ರ ಕನ್ನಡ ಹಿಂಗ ಇಂಗ್ಲಿಷ್ ಆಗಿ ಕಾಣತೈತಿ. ಅಂಗಡಿಯಾಗ ದಿನಾ ನೋಡಿ ನೋಡಿ ನನಗ ಬರೇ ಕಣ್ಣಿಲೆ ಓದಾಕ ಬರತೈತಿ. ವಿಂಡೋಸ್ ಒರಸಿದಾಗ ಫಾಂಟು ಹೋಗೇತಿ, ನಾಟಕ ಹೋಗಿಲ್ಲ. ವೇಷ ಬದಲಾಗೇತಿ, ಪಾತ್ರಧಾರಿ ಅವನೇ. ಸುಮೇಧಣ್ಣ ಬಂದ ಮ್ಯಾಲೆ ನುಡಿ ಫಾಂಟು ಹಾಕಾಕ ಹೇಳ್ರಿ, ಸಾಕು. ಕಳ್ಳರಿಲ್ಲ, ಏನಿಲ್ಲ. ಟೀವಿ ಪ್ಲಗ್ ಹಾಕ್ಕೊಳ್ರಿ.

ನೀವು ಗೀರು ತಪ್ಪದಂಗ ಬರದ ಸಾಲು ಏನು ಗೊತ್ತೇನ್ರಿ? ‘ಅಪ್ಪಾ, ನಾ ಬಂದೆ.’ ನಿಮಗಿಬ್ಬರಿಗೂ ನೆನಪಾಗದ ಮೊದಲನೇ ಮಾತು ಅದ. ನಾ ಉಟ್ಟ ಸೀರಿ ಮ್ಯಾಲೆ ಬಸ್ಸಿಳಿದು ಈ ಬಾಗಲಾಗ ನಿಂತು ಅಂದದ್ದೂ ಅದ ಮಾತು. ಮಂಚಕ್ಕ ಒರಗಿ ಅತ್ತೆ. ಅಪ್ಪಾ ಎಡಗೈಲೆ ನನ್ನ ತಲಿ ಮುಟ್ಟಿದರು.

ಈಗ ಖರೇ ಸುದ್ದಿ ಕೇಳ್ರಿ. ಸಂಜಿಮುಂದ ಅವ್ವ ಚಾ ಕುಡಕೋತ, “ಏನ್ ಬರದಾರ ಓದ ನೋಡೂನು” ಅಂದ್ಲು. ನೀವು ಬರದ ದೃಶ್ಯ ಓದಿದೆ. ಹೆಂಗ ಬರದೀರಿ ಹಂಗ, ನಿಮ್ಮ ಬೆಂಗಳೂರು ಮಾತಿನಾಗ. ಗೌಡ ‘ಏನಮ್ಮಾ’ ಅಂದಕೂಡಲೆ ಅವ್ವ ನಕ್ಕಳು. ಅಪ್ಪನ ಹುಬ್ಬು ಗಂಟಾತು. ‘ಹೇಗೆ’ ಅಂದಾಗ ಮಂಚದ ಪಟ್ಟಿ ಬಡದರು. ನೀರು ಕೇಳಿದರೇನೋ ಅಂತ ಅವ್ವ ಎದ್ದಳು. ನೀರು ಬ್ಯಾಡ ಅಂದ್ರು ಕೈಲೆ. ನಾ ಕಡೀ ಮಾತು ಓದಿದೆ. ಈ ಮನೆಯಲ್ಲಿ ನಿನಗೆ ಇನ್ನೂ ಹೊತ್ತು ಇದೆ.

ಪಟ್ಟಿ ಮತ್ತ ಬಡದರು. ಮುಖ ಕೆಂಪಾತು. ಹೆದರಿ, ನಿಲ್ಲಸ್ಲೇನಪ್ಪಾ ಅಂದೆ. ತಲಿ ಅಲ್ಲಾಡಿಸಿದರು. ಇನ್ನೊಮ್ಮೆ ಓದಿದೆ. ಹೊತ್ತು ಇದೆ.

“ಐ” ಅಂದರು. ತುಟಿ ಸೊಟ್ಟ ಆಗಿತ್ತು, ಜೊಲ್ಲು ಬಂತು. ಅವ್ವ ಸೆರಗಿಲೆ ಒರಸಿದಳು. ಆಕಿ ಕೈ ಸರಿಸಿ, ಪಾತ್ರ ಮರತ ಹುಡುಗನ್ನ ಬೈಯೋವಂಗ ನನ್ನ ನೋಡಿ ಅಂದರು.

“ಐತಿ.”

ಶ್ರಾವಣದಿಂದ ಮೊದಲನೇ ಶಬ್ದ. ಆಮ್ಯಾಲೆ ಬ್ಯಾರೆ ಏನೂ ಬಂದಿಲ್ಲ. ಎಲ್ಲಾ ಮರಳಿ ಬರತೈತಿ ಅಂತ ಡಾಕ್ಟರ್ ಹೇಳಂಗಿಲ್ಲ, ಬರಂಗಿಲ್ಲ ಅಂತನೂ ಹೇಳಂಗಿಲ್ಲ. ಆದ್ರ ಮುಂಜಾನೆ ಮತ್ತ ನಿಮ್ಮ ಕಾಗದ ಕಡೆ ಬಟ್ಟು ಮಾಡಿದರು. ಮತ್ತ ತಪ್ಪು ಓದಿದೆ. ಮತ್ತ ತಿದ್ದಿದರು.

ನಿಮ್ಮ ಮ್ಯಾಲಿನ ಮನಿಯಾಕಿ,
ಮಧುಮತಿ


ಜಯನಗರ
ನವೆಂಬರ್ 4

ಮೇಲ್ಮನೆ ಮಧುಮತಿಗೆ ಕೆಳಮನೆಯಿಂದ,

ನಿನ್ನ ಕಾಗದವನ್ನು ನಾನು ಓದಿ ಹೇಳಿದೆ. ಇವರಿಗೆ ಕನ್ನಡಕ ಒದ್ದೆಯಾಗಿ ಓದಲಾಗಲಿಲ್ಲ.

ಸುಮೇಧ ಬಂದ. ನುಡಿ ಫಾಂಟು ಹಾಕಿದ. ಒಂದು ರೆಪ್ಪೆ ಬಡಿಯುವಷ್ಟರಲ್ಲಿ ಪೌಂಡು, ಯೆನ್ನು ಎಲ್ಲಾ ಎದ್ದು ಹೋಗಿ ಪರದೆಯ ತುಂಬ ಕನ್ನಡ ನಿಂತಿತು. ಮೊದಲ ಸಾಲು ನೀನು ಹೇಳಿದ್ದೇ. “ಸಾರಿ ಆಂಟಿ, ಈ ಥರ ಕನ್ನಡ ಒಂದಿದೆ ಅಂತಾನೇ ಗೊತ್ತಿರಲಿಲ್ಲ” ಅಂದ. ನನಗೆ ಗೊತ್ತಿತ್ತೇನಪ್ಪ ಅಂದೆ. ಇವರು ಮಾತ್ರ ವಿದೇಶಿ ವಿನಿಮಯದ ಬಗ್ಗೆ ಮನೆಯಲ್ಲಿ ಬಾಯಿ ಬಿಡುತ್ತಿಲ್ಲ.

ಪೂರ್ತಿ ನಾಟಕವನ್ನು ಪ್ರಿಂಟ್ ತೆಗೆಸಿ ಎರಡು ಪ್ರತಿ ಮಾಡಿಸಿದ್ದೇನೆ. ಒಂದು ಚನ್ನವೀರನಿಗೆ, ಇದರ ಜೊತೆಯಲ್ಲಿದೆ. ಇನ್ನೊಂದು ನಮ್ಮ ದೇವರ ಮನೆಯಲ್ಲಿ. ಸಂಕ್ರಾಂತಿಗೆ ನಾವಿಬ್ಬರೂ ಬರುತ್ತೇವೆ, ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಡು.

ಲಕೋಟೆಯಲ್ಲಿ ಇನ್ನೊಂದು ಕಂತೆ ಇದೆ ನೋಡು. ಅದನ್ನು ಚನ್ನವೀರನಿಗೆ ಕೊಟ್ಟೀಯ, ಹುಷಾರು. ಸರಿಯಾದ ನಾಟಕವನ್ನು ಮುಚ್ಚಿಟ್ಟು, ನಾನೂ ಇವರೂ ಕೂತು ಎರಡನೇ ಅಂಕವನ್ನು ಮೊದಲಿಂದ ಕೊನೆಯವರೆಗೆ ತಪ್ಪಾಗಿ ಬರೆದಿದ್ದೇವೆ. ಒಂದು ಕಡೆಯೂ ಐತಿ ಇಲ್ಲ. ಗೌಡ ಬೀಗನನ್ನು “ಏನ್ ಗುರು, ಸಖತ್ತಾಗಿದೀಯ” ಎಂದು ಮಾತಾಡಿಸುತ್ತಾನೆ. ಅತ್ತೆ ರೊಟ್ಟಿಯ ಬದಲು ಪುಳಿಯೋಗರೆ ಬಡಿಸುತ್ತಾಳೆ. ಅದು ಇವರ ಕೆಲಸ.

ದಿನಕ್ಕೆ ಒಂದೊಂದು ಪುಟ ಓದು, ನಿಧಾನವಾಗಿ. ತಪ್ಪು ಸಾಲದಿದ್ದರೆ ಬರಿ, ಇನ್ನೂ ಮಾಡಿ ಕಳಿಸುತ್ತೇವೆ. ಅವರು ಬೈದರೆ ಆ ಬೈಗುಳವನ್ನು ಒಂದಕ್ಷರವೂ ಬಿಡದೆ ಬರೆದು ಕಳಿಸು. ಇವರು ಬೈಸಿಕೊಳ್ಳಲು ಗೇಟಿನ ಹತ್ತಿರ ನಿಂತು ಅಂಚೆಯವನ ದಾರಿ ಕಾಯುತ್ತಿದ್ದಾರೆ.

ಅಲಮೇಲು